ಮಳೆಗೆಂದು ಓದಿಸಿದ ಕಥೆ

ದ್ರೌಪದಿಯ ಕಥೆ ಕೇಳಿ ಅಳುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಪುರಾಣದಿಂದ ನೀತಿ ಕಲಿಯಬೇಕು ಎಂದು ಯಾರಾದರೂ ಶುರುಮಾಡಿದರೆ, ಕಲಿತವರನ್ನು ನೋಡಿದ್ದೇನೆ ಎಂದು ಹೇಳಿ ಎದ್ದುಬಿಡುತ್ತೇನೆ.

ಮೂವತ್ತರ ದಶಕದ ಕೊನೆಯ ಮಾತು. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ, ಜಗಳೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದು ಕೂತಿದ್ದೆ. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಅಂಥ ವರ್ಷ ನಮ್ಮ ಕಡೆ, ಪಾಂಡವರು ವಿರಾಟರಾಜನ ಊರಿನಲ್ಲಿ ವೇಷ ಮರೆಸಿಕೊಂಡಿದ್ದ ಕಥೆಯನ್ನು ಗುಡಿಯಲ್ಲಿ ಏಳು ದಿನ ಓದಿಸುತ್ತಾರೆ. ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆ. ದಿನದ ಓದು ಶುರುವಾದ ಮೇಲೆ ಮಂಗಳಾರತಿಯವರೆಗೆ ನಿಲ್ಲಬಾರದು, ಕೇಳುವವರು ನಡುವೆ ಏಳಬಾರದು. ಎದ್ದರೆ ಬರುವ ಮಳೆಯೂ ಹೋಗುತ್ತದಂತೆ. ಮುದುಕರೊಬ್ಬರು ಪದ್ಯ ಹಾಡುತ್ತಿದ್ದರು. ಅರ್ಥ ಹೇಳುವ ಕೆಲಸವನ್ನು, ಓದಿದವನೆಂದು, ನನಗೆ ಕೊಟ್ಟಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ಕೀಚಕನ ಭಾಗ ಬಂತು. ದ್ರೌಪದಿ ಅವನಿಂದ ತಪ್ಪಿಸಿಕೊಂಡು ರಾಜಸಭೆಗೆ ಓಡಿಬರುತ್ತಾಳೆ. ಅವನು ಎಲ್ಲರ ಎದುರಿಗೇ ಅವಳನ್ನು ಒದೆಯುತ್ತಾನೆ. ಸಭೆ ತಲೆ ತಗ್ಗಿಸಿ ಕೂರುತ್ತದೆ. ಚೆನ್ನಾಗಿಯೇ ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದೆ ಕೂತಿದ್ದ ಪಟೇಲರೂ ಮೂಗೊರೆಸಿಕೊಂಡು, ಆ ಕೀಚಕ ತಮ್ಮ ಕೈಗೆ ಸಿಗಬೇಕಿತ್ತು ಎಂದರು.

ಆಗ ಅವಳು ಬಂದಳು. ಇಪ್ಪತ್ತು ದಾಟದ ಹೆಂಗಸು. ಗಂಡ ಹೊನ್ನಾಳಿ ಕಡೆ ಗದ್ದೆ ಕೆಲಸಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಕುಪ್ಪಸದ ತೋಳು ಹರಿದಿತ್ತು, ತುಟಿ ಒಡೆದಿತ್ತು. ಅವಳ ಹಿಂದೆ, ಓಡದೆ, ನಿಧಾನವಾಗಿ ನಡೆದುಬಂದವನು ಪಟೇಲರ ಮನೆಯಳಿಯ. ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲು.

“ಕದ ಮುರಿದು ಒಳಗೆ ಬಂದ್ನಪ್ಪಾ. ಯಾರಾರ ಒಬ್ರು ಎದ್ದು ಕೇಳ್ರಿ,” ಎಂದಳು.

ಪಟೇಲರು ಅಳಿಯನ ಕಡೆ ನೋಡಲಿಲ್ಲ. “ಓದು ನಡೀತಾ ಐತೆ ಕಣವ್ವ. ನಡುವೆ ನಿಲ್ಸಾಕೆ ಬರಂಗಿಲ್ಲ, ಊರಿನ ಮಳೆ ವಿಚಾರ. ಮಂಗಳಾರತಿ ಆಗ್ಲಿ, ಕೇಳಾನ.”

ಗುಡಿ ತುಂಬ ಜನ. ಒಬ್ಬರೂ ಏಳಲಿಲ್ಲ.

ಅವಳು ಕಂಬಕ್ಕೆ ಒರಗಿ ಕುಸಿದಳು. ಅವನು ಕೆಳಗೆ ಚಪ್ಪಲಿ ಬಿಟ್ಟು, ದೇವರಿಗೆ ಕೈಮುಗಿದು, ದಾರಿಗೆ ಅಡ್ಡವಾಗಿ ಮೆಟ್ಟಿಲ ಮೇಲೆ ಕೂತು ಕಥೆ ಕೇಳತೊಡಗಿದ. ಓದು ನಡೆಯುವಾಗ ಒಳಗೆ ನುಗ್ಗಿ ಎಳೆದೊಯ್ಯುವಷ್ಟು ಅಧರ್ಮಿ ಅವನಲ್ಲ. ಮಂಗಳಾರತಿಗೆ ಕಾಯುತ್ತಿದ್ದ.

ಗುಡಿಯ ಕಸ ಹೊಡೆಯುವ ಮುದುಕಿಯೊಬ್ಬಳಿಗೆ ಮಾತ್ರ ನಡುವೆ ಏಳುವ ಸದರವಿತ್ತು. ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು. “ಇವಳ ಅಣ್ಣದೀರು ಮುಂದ್ಲ ಹಳ್ಳ್ಯಾಗೆ ಅದಾರೆ. ಕರೆಯಾಕೆ ಹೋಗ್ತೀನಿ. ನಾ ಬರಾತಂಕ ಮುಗಿಸಬ್ಯಾಡ ತಮ್ಮಾ.” ಹಿಂಬಾಗಿಲಿನಿಂದ ಹೊರಟುಹೋದಳು. ಮೆಟ್ಟಿಲ ಮೇಲಿದ್ದವನ ಕಣ್ಣು ಕಂಬದ ಬಳಿ ಕೂತವಳನ್ನು ಬಿಟ್ಟು ಆಚೆ ಹೋಗಲಿಲ್ಲ. ಹೋಗಿ ಬರಲು ನಾಲ್ಕು ಮೈಲಿ. ಅವಳಿಗೆ ಎಪ್ಪತ್ತರ ಹತ್ತಿರ ವಯಸ್ಸು.

ನಾನು ಅರ್ಥವನ್ನು ಎಳೆದೆ. ಭೀಮ ಬಾಣಸಿಗನಾಗಿದ್ದ ಅಡುಗೆಮನೆಯ ಒಲೆಗಳನ್ನು ಬಣ್ಣಿಸಿದೆ, ಹಂಡೆಗಳನ್ನು ಬಣ್ಣಿಸಿದೆ, ಪಲ್ಯಕ್ಕೆ ಹಾಕಿದ ಉಪ್ಪನ್ನೂ ಬಿಡಲಿಲ್ಲ. ಗಂಟಲು ಒಣಗಿ ಸ್ವರ ಒಡೆಯಿತು. ಕಣ್ಣೆತ್ತಿದಾಗಲೆಲ್ಲ ಅವನು ಬಾರನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಈಗಲೂ ಊಟಕ್ಕೆ ಕೂತಲ್ಲಿ, ದಾರಿಯಲ್ಲಿ ನಡೆಯುವಲ್ಲಿ, ಆ ಬೆರಳು ಕಣ್ಣೆದುರು ಬಂದು ನಿಲ್ಲುತ್ತದೆ. ಮುದುಕಿ ದಾರಿಯಲ್ಲಿ ಬಿದ್ದಿದ್ದರೆ? ಅಣ್ಣಂದಿರು ಮನೆಯಲ್ಲಿ ಇಲ್ಲದಿದ್ದರೆ?

ಕೊನೆಗೆ ಅವನೇ ಮೆಟ್ಟಿಲಿನಿಂದ ಕೂಗಿದ: “ಏನ್ ಸ್ವಾಮಿ, ಭೀಮನ ಅಡಿಗೆ ಇನ್ನೂ ಬೇಯಲಿಲ್ವಾ? ಬ್ಯಾಗ ಬಡಿಸ್ರಿ, ನಮಗೂ ಕೆಲಸ ಐತೆ.”

ಜನ ನಕ್ಕರು. ಸ್ವಲ್ಪ ಹೊತ್ತಿನ ಹಿಂದೆ ಅತ್ತವರೇ ನಕ್ಕರು. ಅವಳು ಕಂಬವನ್ನು ತಬ್ಬಿಕೊಂಡಳು.

ಪಟೇಲರು ಪೂಜಾರಿಗೆ ಕಣ್ಸನ್ನೆ ಮಾಡಿದರು. ಈ ದಿನಕ್ಕೆ ಇನ್ನೂ ಪದ್ಯಗಳಿವೆ ಎಂದೆ. ಇರಲಿಲ್ಲ. ಪದ್ಯ ಹಾಡುವ ಮುದುಕರು ನನ್ನ ಮುಖ ನೋಡಿ, ಹಾಳೆಗಳನ್ನು ಹಿಂದಕ್ಕೆ ಮಗುಚಿ, ಹಿಂದಿನ ದಿನದ ಪದ್ಯಗಳನ್ನೇ ಮತ್ತೆ ಹಾಡಿದರು. ದಿನವೂ ತಪ್ಪದೆ ಬಂದು ತಲೆದೂಗಿದವರಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ.

ಬಿಸಿಲು ಮೆಟ್ಟಿಲಿನಿಂದ ಇಳಿಯುವ ಹೊತ್ತಿಗೆ ಮೂವರು ಅಣ್ಣಂದಿರು ಬಂದರು, ಹೆಗಲ ಮೇಲೆ ಕೊಡಲಿ; ಅವರ ಹಿಂದೆ ಮುದುಕಿ. ಅಳಿಯ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಪಕ್ಕದ ಓಣಿಗೆ ತಿರುಗಿದ. ಪಟೇಲರಿಗೆ ಮಾತು ಬಂದದ್ದು ಆಗಲೇ: ದೇವರ ಮುಂದೆ ಕೊಡಲಿ ತರುವುದೇ, ಇದೆಂಥ ನಡತೆ ಎಂದರು. ಅಣ್ಣಂದಿರು ತಂಗಿಯನ್ನು ಎಬ್ಬಿಸಿದರು.

ಪೂಜಾರಿ ಮಂಗಳಾರತಿ ಎತ್ತಿದೊಡನೆ ನಾನು ಮೆಟ್ಟಿಲವರೆಗೆ ಹೋದೆ. ನಿಜ ಹೇಳುತ್ತೇನೆ, ಅವಳು ನನಗೆ ಕೈಮುಗಿಯುತ್ತಾಳೆ ಎಂದುಕೊಂಡಿದ್ದೆ.

“ಕತೆ ಚೆನ್ನಾಗಿ ಹೇಳಿದ್ರಿ ಸ್ವಾಮಿ,” ಎಂದಳು. “ಎದ್ದು ಬಂದಿದ್ರೆ ಸಾಕಾಗಿತ್ತು.”

ಅವಳು ನಮ್ಮ ಊರಿಗೆ ಮತ್ತೆ ಬರಲಿಲ್ಲ. ಓದು ಕೆಡದಂತೆ ಎಲ್ಲವೂ ಮರ್ಯಾದೆಯಿಂದ ಮುಗಿಯಿತೆಂದು ಪಟೇಲರು ಹೇಳಿಕೊಂಡು ತಿರುಗಿದರು. ಮರುದಿನ ನನಗೆ ಕರೆ ಬಂತು. ಗಂಟಲು ನೋವೆಂದು ಹೇಳಿಕಳಿಸಿದೆ. ಬರುವುದಿಲ್ಲ, ನಿಮಗೆ ಅರ್ಥ ಹೇಳಲಾರೆ ಎನ್ನುವ ಧೈರ್ಯ ಆಗಲೂ ಬರಲಿಲ್ಲ. ನನ್ನ ಬದಲು ಶಾಲೆಯ ಮೇಷ್ಟ್ರು ಕೂತರು. ಭೀಮ ಕೀಚಕನನ್ನು ಕೊಲ್ಲುವ ಕಡೆ ಗುಡಿಯೆಲ್ಲ ಚಪ್ಪಾಳೆ ತಟ್ಟಿತಂತೆ. ಪಟೇಲರ ಅಳಿಯನೂ ತಟ್ಟಿದನಂತೆ.