ದೋಣಿಯ ಹಿಂದಿನ ಹಲಗೆ

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ನನಗೂ ನನ್ನ ಹೆಂಡತಿಯ ಅಣ್ಣನಿಗೂ ಸೇರಿ ಮದ್ದೂರಿನಲ್ಲಿ ಒಂದು ಮೋಟಾರು ರಿಪೇರಿ ಅಂಗಡಿ ಇತ್ತು. ಭಾವ ಕೆಲವು ವರ್ಷ ಬೊಂಬಾಯಿ ಬಂದರಿನಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ ದೊರೆಗಳು ಮೋಟಾರು ದೋಣಿಗೆ ಹಗ್ಗ ಕಟ್ಟಿ, ಹಿಂದೆ ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವುದನ್ನು ನೋಡಿದ್ದನಂತೆ. ಮಳವಳ್ಳಿ ರಸ್ತೆಯ ಕೆರೆಯೊಂದರಲ್ಲಿ, ಏರಿಯ ರಿಪೇರಿಗೆ ಬಂದವರು ಬಿಟ್ಟುಹೋಗಿದ್ದ ಮರದ ದೋಣಿ ಕಣ್ಣಿಗೆ ಬಿದ್ದ ಮೇಲೆ ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ. ಅಂಗಡಿಯಲ್ಲಿ ಬಿದ್ದಿದ್ದ ಹಳೇ ಕಾರಿನ ಇಂಜಿನ್ನನ್ನು ಅದಕ್ಕೆ ಕೂರಿಸಿಯೇಬಿಟ್ಟೆವು.

"ನೀನು ಅಲಗೆ ಮ್ಯಾಲೆ ನಿಂತ್ಕೊ, ನಾನು ದೋಣಿ ಬುಡ್ತೀನಿ," ಅಂದ ಭಾವ.

ಬೇಡ ಎನ್ನಲು ನಾಚಿಕೆ. ನನ್ನದು ಬಾವಿಯಲ್ಲಿ ಕಲಿತ ಈಜು. ನಾಲ್ಕು ಸಲ ಕೈ ಬೀಸಿದರೆ ಮೆಟ್ಟಿಲು ಸಿಗುತ್ತಿತ್ತು. ಕೆರೆಯ ನಡುವೆ ಹಿಡಿಯಲು ಏನಿದೆ? ನನ್ನ ಮುಖ ನೋಡಿದ ಹೆಂಡತಿ, ಈಜು ಕಲಿಯುವ ಮಕ್ಕಳಿಗೆ ಕಟ್ಟುವ ಒಣ ಸೋರೆಬುರುಡೆಗಳನ್ನು ತಂದು ನನ್ನ ಬೆನ್ನಿಗೆ ಬಿಗಿದಳು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮುಸಿಮುಸಿ ನಕ್ಕರು.

ಇಂಜಿನ್ ಅಬ್ಬರಿಸಿತು. ಹಗ್ಗ ಕೈಜಾರೀತೆಂದು ಅದನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡಿದ್ದೆ. ಹಲಗೆ ನೀರಿನ ಮೇಲೆ ಎದ್ದಿತು, ಅದರೊಂದಿಗೆ ನಾನೂ ಎದ್ದೆ. ಅಷ್ಟರಲ್ಲೇ ಹಲಗೆಯ ಮೂತಿ ನೀರಿಗೆ ಚುಚ್ಚಿ ನಾನು ಮುಖ ಅಡಿಯಾಗಿ ಬಿದ್ದೆ. ದೋಣಿ ನಿಲ್ಲಲಿಲ್ಲ. ಭಾವ ಮುಂದೆ ನೋಡುತ್ತಿದ್ದ. ಹಗ್ಗ ನನ್ನನ್ನು ದರದರನೆ ಎಳೆದುಕೊಂಡು ಹೋಯಿತು. ಕೂಗಲು ಬಾಯಿ ತೆರೆದರೆ ನೀರೇ ನುಗ್ಗುತ್ತಿತ್ತು. ಸತ್ತೆ ಅಂದುಕೊಂಡೆ. ಮುಂಗೈ ಚರ್ಮ ಸುಲಿದುಕೊಂಡು ಕುಣಿಕೆ ಹೇಗೋ ಕಳಚಿತು.

ತೇಲುತ್ತ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಭಾವ ಹಿಂತಿರುಗಿ ನೋಡಿದ. ಗಾಬರಿಯಲ್ಲಿ ದೋಣಿಯನ್ನು ತಿರುಗಿಸಿ, ಅದೇ ರಭಸದಲ್ಲಿ ನೇರ ನನ್ನ ಕಡೆಗೇ ಬಂದ. ದೋಣಿಯ ಅಡಿಯಲ್ಲಿ ತಿರುಗುವ ಪಂಖದ ಅಲಗುಗಳನ್ನು ಅರ ಹಿಡಿದು ತೀಡಿದವನು ನಾನೇ. ಅವು ಎಷ್ಟು ಹರಿತ ಎಂಬುದು ನನಗೆ ಗೊತ್ತಿತ್ತು. ಮುಳುಗಿ ತಪ್ಪಿಸಿಕೊಳ್ಳೋಣವೆಂದರೆ ಬುರುಡೆಗಳು ಮೇಲಕ್ಕೇ ತಳ್ಳುತ್ತಿದ್ದವು. ಗಂಟು ಬಿಚ್ಚಲು ಹೋದೆ. ನೆಂದ ಗಂಟು ಜಗ್ಗಲಿಲ್ಲ.

"ಅಣ್ಣೋ! ಇಂಜಿನ್ ನಿಲ್ಸೋ!"

ದಡದಿಂದ ನನ್ನ ಹೆಂಡತಿಯ ಕೂಗು. ಅವನಿಗೆ ಕೇಳಿಸಲಿಲ್ಲ. ಅವಳು ಒಗೆಯುವ ಕಲ್ಲಿನ ಮೇಲಿದ್ದ ಯಾರದೋ ಸೀರೆ ಎಳೆದು ಬೀಸತೊಡಗಿದಳು. ಉಳಿದ ಹೆಂಗಸರೂ ಕೈಗೆ ಸಿಕ್ಕ ಬಟ್ಟೆ ಬೀಸಿದರು. ಭಾವ ಆ ಕಡೆ ನೋಡಿದ, ಕೈ ಸ್ವಿಚ್ಚಿಗೆ ಹೋಯಿತು. ಸದ್ದು ನಿಂತಿತು. ದೋಣಿ ಇನ್ನೂ ಓಟದಲ್ಲಿತ್ತು. ನನ್ನ ಭುಜ ಸವರಿಕೊಂಡು ಮುಂದೆ ಹೋಯಿತು.

ಭಾವ ನನ್ನನ್ನು ದೋಣಿಗೆ ಎಳೆದುಕೊಂಡ. "ಯಾಕ್ಲಾ ಕೂಗ್ಲಿಲ್ಲ?" ಅಂದ. ಕುಡಿದ ನೀರನ್ನೆಲ್ಲ ಅವನ ಕಾಲ ಬಳಿಯೇ ಕಕ್ಕಿದೆ.

ದಡದಲ್ಲಿ ನನ್ನ ಕೈಗೆ ಬಟ್ಟೆ ಸುತ್ತುತ್ತ ಹೆಂಡತಿ ಹೇಳಿದಳು: "ಇನ್ಮೇಕೆ ಒಬ್ರು ಇಂದಕ್ಕೆ ತಿರುಗಿ ಕೂತಿರ್ಬೇಕು. ಬಿದ್ದೋರ ತಾವ್ಕೆ ಓಗೋವಾಗ ಇಂಜಿನ್ ನಿಲ್ಸಿರ್ಬೇಕು. ಅಗ್ಗಾನ ಕೈಗೆ ಸುತ್ಕೊಬಾರ್ದು. ಆಗಾಕಿಲ್ಲ ಅಂದ್ರೆ ದೋಣಿಗೆ ಬೆಂಕಿ ಇಕ್ತೀನಿ."

ಮುಂದಿನ ವಾರ ಹಲಗೆಯ ಮೇಲೆ ಭಾವ ನಿಂತ. ದೋಣಿ ನಾನು ನಡೆಸಿದೆ. ಅವಳು ನನ್ನ ಪಕ್ಕದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಳು. ಕೈಯೆತ್ತಿದರೆ ಅವನು ಬಿದ್ದನೆಂದು ಅರ್ಥ. ಅವಳು ತಲೆಗೂದಲು ಸರಿಮಾಡಿಕೊಂಡರೂ ನಾನು ಇಂಜಿನ್ ನಿಲ್ಲಿಸಿಬಿಡುತ್ತಿದ್ದೆ. ಭಾವ ನೀರಿನಿಂದ ಬೈಯುತ್ತಿದ್ದ. ಬೈದರೆ ಬೈಯಲಿ.

ಆಮೇಲೆ ಯುದ್ಧ ಬಂತು, ಕೂಪನ್ನಿಲ್ಲದೆ ಪೆಟ್ರೋಲು ಸಿಗದಂತಾಯಿತು. ಇಂಜಿನ್ನನ್ನು ಬಿಚ್ಚಿ ಎತ್ತಿನ ಗಾಡಿಗೆ ಏರಿಸುವಾಗ ನನಗೆ ಒಳಗೊಳಗೇ ನೆಮ್ಮದಿ. ಹೆಂಡತಿ ಮಾತ್ರ ದೋಣಿಯನ್ನೇ ನೋಡುತ್ತ ನಿಂತಿದ್ದಳು.

"ನಂಗೂ ಒಂದ್ಸಲ ಅಲಗೆ ಮ್ಯಾಲೆ ನಿಂತ್ಕಬೇಕು ಅಂತಿತ್ತು," ಅಂದಳು.

ಗಾಡಿ ಬೇಗ ಹೊರಡಲೆಂದು ಎತ್ತುಗಳನ್ನು ಗದರಿದೆ.