ನಲವತ್ತೊಂದು ಹೆಬ್ಬೆಟ್ಟು

ಮಂಚಮ್ಮನ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು, ಹಾಗೆಯೇ ಎದ್ದಿದ್ದೇನೆ. ಅವಳ ಬಗ್ಗೆ ಬರೆದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ, ಅದೇ ತೊಂದರೆ. ಈಗ ವಯಸ್ಸಾಯಿತು. ಮುಚ್ಚಿಟ್ಟೂ ಮುಚ್ಚಿಟ್ಟೂ ಸುಸ್ತಾಗಿದೆ.

ನಂಜನಗೂಡಿನಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ ಇತ್ತು. ಹೆಸರು ಬೇಡ, ಈಗ ಆ ಕಟ್ಟಡದಲ್ಲಿ ಮದುವೆಗಳು ನಡೆಯುತ್ತವೆ. ಅಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತವನು ನಾನು, ಶಿವಮೂರ್ತಿ. ಮಂಚಮ್ಮ ಆಯಾ. ತೊಂಬತ್ತೊಂದರಲ್ಲಿ ಕೆಲಸಕ್ಕೆ ಸೇರಿದಳು. ತವರು ಸೋಸಲೆ. ಗಂಡ ಮರಳಿನ ಲಾರಿಯ ಮೇಲಿಂದ ಬಿದ್ದು ತೀರಿಕೊಂಡಿದ್ದ. ಮೊದಲ ದಿನ ಬಂದಾಗ ಕಂಕುಳಲ್ಲಿ ನಾಲ್ಕು ವರ್ಷದ ಮಗಳು ಕೋಮಲ, ಕೈಯಲ್ಲಿ ಒಂದು ವೈರ್ ಬುಟ್ಟಿ, ಅಷ್ಟೇ.

ಆಯಾ ಅಂದರೆ ನೆಲ ಒರೆಸುವವಳು, ಬೆಡ್‌ಪ್ಯಾನ್ ಎತ್ತುವವಳು ಅಂತ ಸಂಬಳದ ಪುಸ್ತಕದಲ್ಲಿತ್ತು. ಆಸ್ಪತ್ರೆ ನಡೆಯುತ್ತಿದ್ದುದು ಮಾತ್ರ ಅವಳಿಂದಲೇ. ಹುಲ್ಲಹಳ್ಳಿ ಬಸ್ಸಿನಲ್ಲಿ, ಬಿಳಿಗೆರೆ ಬಸ್ಸಿನಲ್ಲಿ ಬಂದ ಹೆಂಗಸರು ಚೀಟಿ ಮಾಡಿಸುವ ಮೊದಲು ಕೇಳುತ್ತಿದ್ದುದು “ಮಂಚಕ್ಕ ಅವ್ಳಾ?” ಅಂತ. ಅವಳಿಗೆ ರಜೆ ಇದ್ದ ದಿನ ಕೆಲವರು ಬಂದ ಬಸ್ಸಿಗೇ ವಾಪಸ್ ಹೋಗಿಬಿಡುತ್ತಿದ್ದರು. ಡಾಕ್ಟರು ಎಲ್ಲಿ ನೋವು ಅಂದರೆ ಈ ಹೆಂಗಸರು “ಎಲ್ಲ ಕಡೇನೂವೆ” ಅನ್ನುವವರು. ಮಂಚಮ್ಮ ಪರದೆಯ ಹಿಂದೆ ಕರೆದುಕೊಂಡು ಹೋಗಿ ಎರಡು ನಿಮಿಷದಲ್ಲಿ ನಿಜವಾದ ಕಾಯಿಲೆ ತಿಳಿದುಕೊಂಡು ಬರುತ್ತಿದ್ದಳು. ಬಾಯಿ ಬಹಳ ಜೋರು. ನಾನು ಮಾತ್ರೆ ಎಣಿಸುವಾಗ ತುಟಿ ಅಲ್ಲಾಡಿಸುತ್ತೇನೆಂದು ರೋಗಿಗಳ ಎದುರಿಗೇ ಆಡಿಕೊಳ್ಳುತ್ತಿದ್ದಳು. ಸಿಟ್ಟು ಬರುತ್ತಿತ್ತು, ಆದರೆ ಅವಳಿಲ್ಲದ ದಿನ ನನಗೂ ಹೊತ್ತು ಹೋಗುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಆಸ್ಪತ್ರೆಗೆ ಹೊಸ ಟೈಲ್ಸ್ ಬಂತು. ಕಂಪ್ಯೂಟರ್ ಬಂತು, ಬೀಗ ಹಾಕುವ ಫ್ರಿಜ್ ಬಂತು. ಆಮೇಲೆ ಗೊತ್ತಾಯಿತು, ಯಾವುದೋ ಕಂಪನಿ ಮಂಡಿನೋವಿಗೆ ಹೊಸ ಮಾತ್ರೆ ಮಾಡಿದೆ, ಅದನ್ನು ಜನರ ಮೇಲೆ ಪರೀಕ್ಷೆ ಮಾಡಬೇಕು, ಆ ಕೆಲಸವನ್ನು ನಮ್ಮ ದೊಡ್ಡ ಡಾಕ್ಟರು ಒಪ್ಪಿಕೊಂಡಿದ್ದಾರೆ ಅಂತ. ನಾಲುವೆ ನೀರಿನ ಗದ್ದೆಯಲ್ಲಿ ಬೆಳಗಿಂದ ಸಂಜೆವರೆಗೆ ಬಗ್ಗಿ ನಾಟಿ ಹಾಕುವ ಹೆಂಗಸರ ಸೀಮೆ ನಮ್ಮದು. ನೋಯುವ ಮಂಡಿಗಳಿಗೆ ಬರವೇ ಇರಲಿಲ್ಲ. ಮಾತ್ರೆ ಪುಕ್ಕಟೆ, ರಕ್ತಪರೀಕ್ಷೆ ಪುಕ್ಕಟೆ, ಬಸ್ ಚಾರ್ಜು, ಬಂದ ದಿನ ಒಂದು ಬನ್ನು, ಟೀ. ಮಾತ್ರೆಯ ಬಿಳಿ ಡಬ್ಬಿಯ ಮೇಲೆ ಹೆಸರು ಇರಲಿಲ್ಲ, ಬರೀ ನಂಬರು ಇತ್ತು.

ಇದಕ್ಕೆಲ್ಲ ಒಂದು ಒಪ್ಪಿಗೆ ಪತ್ರ. ಎಂಟು ಪುಟ. ಕನ್ನಡದಲ್ಲೇ ಇತ್ತು, ಆದರೆ ನಾನು ಮೂರು ಸಲ ಓದಬೇಕಾದಂಥ ಕನ್ನಡ. ಆರನೆಯ ಪುಟದಲ್ಲಿ, ಕೆಲವರಿಗೆ ಈ ಮಾತ್ರೆಯಿಂದ ಲಿವರ್ ಕೆಡಬಹುದು ಎಂದಿತ್ತು. ಪೂರ್ತಿ ಓದಿ ಹೇಳಬೇಕು, ಅರ್ಥವಾಯಿತೇ ಅಂತ ಕೇಳಬೇಕು, ಬೇಡ ಅಂದವರನ್ನು ಬಿಟ್ಟುಬಿಡಬೇಕು. ಒಪ್ಪಿದವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು, ಪಕ್ಕದಲ್ಲಿ ಒಬ್ಬ ಸಾಕ್ಷಿ ರುಜು ಮಾಡಬೇಕು.

ಮೊದಲ ದಿನ ಹನ್ನೊಂದು ಜನ ಹೆಂಗಸರು ಬಂದರು. ಇಂಕ್ ಪ್ಯಾಡ್ ಹೊರಗೆ ಬಂದದ್ದೇ ತಡ, ಟೀ ಬರುವಷ್ಟರಲ್ಲಿ ಹನ್ನೊಂದೂ ಜನ ನಾಪತ್ತೆ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಹೆಬ್ಬೆಟ್ಟು ಒತ್ತುವುದೆಂದರೆ ಏನೋ ಒಂದು ಕೈಬಿಟ್ಟು ಹೋಯಿತು ಅಂತಲೇ ಲೆಕ್ಕ. ಯಾರ ಮನೆಗೆ ಹೋದರೂ ಒಂದು ಕಥೆ ಇರುತ್ತದೆ: ತಾತ ಯಾವುದೋ ಕಾಗದಕ್ಕೆ ಒತ್ತಿದ, ಇಪ್ಪತ್ತು ಗುಂಟೆ ಹೋಯಿತು. ಓದಲು ಬಾರದವರಿಗೆ ಇರುವುದು ಅದೊಂದೇ ಕಾವಲು.

ದೊಡ್ಡ ಡಾಕ್ಟರು ಮಂಚಮ್ಮನನ್ನು ಕರೆದು, “ನಿನ್ನ ಮಾತು ಕೇಳ್ತಾರೆ ಅಂತ ತಾನೇ ಹೆಬ್ಬೆಟ್ಟು ಒತ್ತಿಸೋ ಕೆಲಸ ನಿನಗೆ ವಹಿಸಿದ್ದು? ಗುರುವಾರದೊಳಗೆ ಪೇಪರ್ ಎಲ್ಲ ಆಗಿರಬೇಕು” ಅಂದರು. ಕೋಮಲ ಆ ವರ್ಷವೇ ಟ್ರಸ್ಟಿನ ನರ್ಸಿಂಗ್ ಸ್ಕೂಲಿಗೆ ಸೇರಿದ್ದಳು, ಆಯಾಳ ಮಗಳು ಅಂತ ಫೀಸು ಮಾಫಿ. ಡಾಕ್ಟರು ಅದರ ಮಾತೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಗುರುವಾರ ಮಂಚಮ್ಮ ನನ್ನ ಕಿಟಕಿಗೆ ಬಂದು ಸ್ಪಿರಿಟ್ಟು, ಹತ್ತಿ ಕೇಳಿದಳು. ಎಡಗೈ ಹೆಬ್ಬೆರಳು ಗೆಣ್ಣಿನವರೆಗೆ ಮಸಿ.

“ಏನಮ್ಮ ಇದು?”

“ಪೆನ್ನು ಒಡ್ದೋಯ್ತು ಸಾ.”

“ನೀನು ಪೆನ್ನು ಹಿಡಿದದ್ದನ್ನ ನಾನು ಕಂಡೇ ಇಲ್ಲವಲ್ಲ.”

ಅವಳು ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, “ಮಂಡಿನೋವಿನ ಮಾತ್ರೆ ತಾನೇ ಸಾ. ಅವ್ರಿಗ್ಯಾಕೆ ಸುಮ್ಕೆ ಭಯ ಉಟ್ಸದು? ಮಾತ್ರೆ ಸಿಕ್ಲಿ, ನೋವು ಓಗ್ಲಿ” ಅಂದಳು. ಅಂದು ಸಂಜೆ ನಲವತ್ತೊಂದು ಒಪ್ಪಿಗೆ ಪತ್ರಗಳು ನನ್ನ ಟೇಬಲ್ಲಿಗೆ ಬಂದವು. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಮೊದಲೇ ಬರೆದಿತ್ತು. ನಾನು ಒಂದು ಗಂಟೆ ಕೂತು ನಲವತ್ತೊಂದು ಸಲ ರುಜು ಮಾಡಿದೆ. ಎಲ್ಲ ಹೆಬ್ಬೆಟ್ಟೂ ಯಾರದ್ದು ಅಂತ ನನಗೆ ಗೊತ್ತಿತ್ತು. ಬೈದೆ, ತಡೆದೆ ಅಂತ ಈಗ ಬರೆಯಬಹುದಿತ್ತು, ನೋಡಿದವರು ಯಾರೂ ಇಲ್ಲ. ಆದರೆ ನಾನು ಹಾಗೇನೂ ಮಾಡಲಿಲ್ಲ, ಮನೆಗೆ ಹೋಗಿ ಊಟ ಮಾಡಿದೆ.

ಕಾಗದದ ಸುದ್ದಿಯೇ ಗೊತ್ತಿಲ್ಲದೆ ಮಾತ್ರೆ ತೆಗೆದುಕೊಂಡ ಆ ನಲವತ್ತೊಂದು ಜನರಲ್ಲಿ ಪಾಪಮ್ಮ ಒಬ್ಬಳು. ಹುಲ್ಲಹಳ್ಳಿ ಪಕ್ಕದವಳು, ನಾಟಿ ಕೆಲಸದವಳು, ಮಂಚಮ್ಮನಷ್ಟೇ ಬಾಯಿಯವಳು. ಗಂಡ ಹುಚ್ಚಯ್ಯ ನೀರುಗಂಟಿ, ನಾಲುವೆಯಿಂದ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವವನು. ಮೂರನೆಯ ತಿಂಗಳು ಬಂದಾಗ ಪಾಪಮ್ಮನ ಕಣ್ಣು ಹಳದಿಯಾಗಿತ್ತು. ಅದನ್ನು ಮೊದಲು ಕಂಡವಳೂ ಮಂಚಮ್ಮನೇ. ನೇರ ದೊಡ್ಡ ಡಾಕ್ಟರ ಮುಂದೆ ನಿಲ್ಲಿಸಿದಳು. ಅವರು ರಕ್ತ ತೆಗೆಸಿ, ಮಾತ್ರೆ ನಿಲ್ಲಿಸಬೇಡ ಅಂದು ಕಳಿಸಿದರು. ಆ ಸಂಜೆ ಲ್ಯಾಬಿನ ರಿಜಿಸ್ಟರಿನಲ್ಲಿ ಲಿವರಿನ ಲೆಕ್ಕ ನೋಡಿದೆ, ವಿಪರೀತ ಏರಿತ್ತು. ಮರುದಿನ ನೋಡಿದರೆ ಆ ಪುಟವೇ ಬೇರೆ, ಲೆಕ್ಕವೂ ಬೇರೆ. ನಾನು ಮಂಚಮ್ಮನಿಗೆ ಹೇಳಿದೆ. ಅವಳು ಕೆಲಸ ಬಿಟ್ಟು ಹುಲ್ಲಹಳ್ಳಿ ಬಸ್ಸು ಹತ್ತಿ ಹೋಗಿ ಮಾತ್ರೆಯ ಡಬ್ಬಿಯನ್ನು ನಾಲುವೆಗೆ ಎಸೆದು ಬಂದಳು. ಅಷ್ಟರಲ್ಲಿ ಹೊತ್ತು ಮೀರಿತ್ತು. ಹನ್ನೊಂದು ದಿನ ಮೈಸೂರಿನಲ್ಲಿ ಮಲಗಿದ್ದು ಪಾಪಮ್ಮ ಸತ್ತಳು. ಅವಳ ಫೈಲಿನಲ್ಲಿ ‘ರೋಗಿ ನಾಟಿ ಔಷಧಿ ಸೇವಿಸಿದ್ದಾರೆ’ ಎಂದು ಬರೆದು, ಅವಳನ್ನು ಪರೀಕ್ಷೆಯ ಪಟ್ಟಿಯಿಂದ ತೆಗೆದುಹಾಕಿದರು.

ಹುಚ್ಚಯ್ಯ ಸುಮ್ಮನಾಗಲಿಲ್ಲ. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನ ಹತ್ತಿರ ಒಂದು ಅರ್ಜಿ ಬರೆಸಿದ. ಅದರಲ್ಲಿ ಇದ್ದದ್ದು ಒಂದೇ ವಾದ: ನನ್ನ ಹೆಂಡತಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವವಳಲ್ಲ, ಸಂಘದ ಸಾಲಕ್ಕೂ ಒತ್ತಿದವಳಲ್ಲ. ತಾಲ್ಲೂಕು ಕಚೇರಿ, ಜಿಲ್ಲಾ ಕಚೇರಿ, ಮತ್ತೆ ತಾಲ್ಲೂಕು ಕಚೇರಿ. ಒಂದೂವರೆ ವರ್ಷ ಅಲೆದ. ಹೋದ ಕಡೆಯೆಲ್ಲ, ಹೆಬ್ಬೆಟ್ಟು ಇದೆಯಲ್ಲಯ್ಯ ಅನ್ನುವವರೇ. ಕೊನೆಗೆ ಪೇಪರಿನಲ್ಲಿ ನಾಲ್ಕು ಸಾಲು ಬಂದ ಮೇಲೆ ಬೆಂಗಳೂರಿನಿಂದ ಮೂವರ ಸಮಿತಿ ವಿಚಾರಣೆಗೆ ಬಂತು. ಅದೇ ಮಾತ್ರೆಯನ್ನು ತಿ. ನರಸೀಪುರದ ನಮ್ಮ ಬ್ರಾಂಚಿನಲ್ಲೂ ಕೊಟ್ಟಿದ್ದರಿಂದ ಅಲ್ಲಿನ ಪ್ರವಾಸಿ ಮಂದಿರದಲ್ಲೇ ವಿಚಾರಣೆ ಇಟ್ಟರು.

ಹಿಂದಿನ ವಾರ ದೊಡ್ಡ ಡಾಕ್ಟರು ಮಂಚಮ್ಮನನ್ನು ಕರೆದು ಕುರ್ಚಿ ತೋರಿಸಿದರಂತೆ. ಹದಿನೈದು ವರ್ಷದಲ್ಲಿ ಮೊದಲ ಸಲ. ಎಲ್ಲ ತಿಳಿಸಿ ಹೇಳಿದೆ, ಅವರೇ ಒತ್ತಿದರು, ಇಷ್ಟು ಹೇಳಿದರೆ ಸಾಕು ಅಂದರಂತೆ. ಕೋಮಲಳ ಓದು ಇನ್ನು ಆರು ತಿಂಗಳು ಉಳಿದಿದೆಯಲ್ಲವೇ ಅಂತಲೂ ವಿಚಾರಿಸಿದರಂತೆ. ಮಂಚಮ್ಮ ನನ್ನ ಕಿಟಕಿಗೆ ಬಂದು ನಿಂತಳು.

“ಸುಳ್ಳು ಯೋಳುದ್ರೆ ಕೋಮಲ ನರ್ಸಾಯ್ತಾಳೆ. ನಿಜ ಯೋಳುದ್ರೆ ನಾನು ಜೈಲ್ಗೋಯ್ತೀನಿ, ಅವ್ಳು ಮನೇಗ್ ಬತ್ತಾಳೆ. ನೀವು ಓದ್ದೋರು. ಯೋಳಿ ಸಾ, ಏನ್ ಮಾಡ್ಲಿ?”

“ಯೋಚನೆ ಮಾಡಿ ನೋಡು ಮಂಚಮ್ಮ” ಅಂದೆ. ಎಂಥ ದರಿದ್ರ ಉತ್ತರ! ಇವತ್ತಿಗೂ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ವಿಚಾರಣೆಯ ದಿನ ಮೊದಲು ನನ್ನನ್ನು ಕರೆದರು. ಸಾಕ್ಷಿ ರುಜು ನಿಮ್ಮದು, ಈ ಹೆಬ್ಬೆಟ್ಟುಗಳೆಲ್ಲ ಈ ಹೆಂಗಸರದ್ದೇ ತಾನೇ ಅಂದರು. ಹೌದು ಸರ್ ಅಂದೆ. ನಾಲಗೆ ತಡವರಿಸಲೂ ಇಲ್ಲ. ಆಮೇಲೆ ಹುಚ್ಚಯ್ಯ. ಅಧ್ಯಕ್ಷರಾಗಿ ಕೂತಿದ್ದ ಅಧಿಕಾರಿ ಪತ್ರವನ್ನು ಅವನತ್ತ ತಿರುಗಿಸಿ, “ನಿಮ್ಮ ಹೆಂಡತಿಯ ಹೆಬ್ಬೆಟ್ಟು ಇಲ್ಲೇ ಇದೆಯಲ್ಲಪ್ಪ” ಅಂದರು.

“ಅದು ಅವ್ಳುದಲ್ಲ ಸಾ.”

“ಹೆಂಡತಿ ಮಾಡಿದ್ದೆಲ್ಲ ಗಂಡನಿಗೆ ಗೊತ್ತಿರುತ್ತದೆಯೇ?” ಅಂದರು ಅವರು. ಒಂದಿಬ್ಬರು ನಕ್ಕರು. ಹುಚ್ಚಯ್ಯ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ.

ಮಂಚಮ್ಮನನ್ನು ಇನ್ನೂ ಕರೆದಿರಲಿಲ್ಲ. ಗೋಡೆ ಪಕ್ಕದಿಂದ ತಾನೇ ಎದ್ದು ಮುಂದೆ ಬಂದಳು.

“ಅದು ಪಾಪಮ್ಮಂದಲ್ಲ ಸಾ. ನಂದು. ಅಷ್ಟೂ ನಂದೇಯ.”

ದೊಡ್ಡ ಡಾಕ್ಟರು, “ಇವಳಿಗೆ ಇತ್ತೀಚೆಗೆ ತಲೆ ಸರಿಯಿಲ್ಲ” ಅಂದರು. ಮಂಚಮ್ಮ ಅವರತ್ತ ತಿರುಗಲಿಲ್ಲ. ಇಂಕ್ ಪ್ಯಾಡ್ ಕೊಡಿ ಅಂದು, ಮೇಜಿನ ಮೇಲಿದ್ದ ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಮುಂದೆ ತಳ್ಳಿದಳು. ಅವಳ ಹೆಬ್ಬೆರಳಿನ ತುದಿಯಲ್ಲಿ ಕುಡುಗೋಲು ತಾಗಿ ಅಡ್ಡಕ್ಕೆ ಒಂದು ಹಳೆಯ ಗಾಯದ ಗುರುತಿತ್ತು. ಅಧಿಕಾರಿ ಕನ್ನಡಕ ಏರಿಸಿ ಒಂದೊಂದೇ ಪತ್ರ ತಿರುವಿದರು. ಪ್ರತಿಯೊಂದರಲ್ಲೂ ಆ ಅಡ್ಡಗೆರೆ ಇತ್ತು. ಆಮೇಲೆ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಮಂಚಮ್ಮನೇ, “ಅವ್ರಿಗೆ ಗೊತ್ತಿಲ್ಲ ಸಾ. ನಾನೇ ಎಲ್ರೂ ಒತ್ತವ್ರೆ ಅಂತ ಯೋಳಿ ಅವ್ರ ಕೈಲಿ ಸೈನ್ ಆಕ್ಸ್ದೆ” ಅಂದಳು. ಅವತ್ತು ಅವಳು ಹೇಳಿದ ಸುಳ್ಳು ಅದೊಂದೇ. ಅದನ್ನೂ ನನಗಾಗಿ ಹೇಳಿದಳು, ನಾನು ಅದರ ಮರೆಯಲ್ಲಿ ಕೂತುಬಿಟ್ಟೆ.

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಮಾತ್ರೆಯ ಪರೀಕ್ಷೆ ನಿಂತಿತು. ದೊಡ್ಡ ಡಾಕ್ಟರನ್ನು ಟ್ರಸ್ಟಿನವರು ಬಿಡಿಸಿದರು. ಅವರು ಬೇರೆ ಜಿಲ್ಲೆಯಲ್ಲಿ ಸ್ವಂತ ನರ್ಸಿಂಗ್ ಹೋಮ್ ಮಾಡಿಕೊಂಡು ಚೆನ್ನಾಗೇ ಇದ್ದರು. ಮಂಚಮ್ಮನ ಕೆಲಸ ಹೋಯಿತು, ಸುಳ್ಳು ದಾಖಲೆ ಸೃಷ್ಟಿಸಿದಳೆಂದು ಅವಳ ಮೇಲೆ ಕೇಸಾಯಿತು. ಐದು ವರ್ಷ ಕೋರ್ಟಿಗೆ ಅಲೆದಳು. ಕೋಮಲ ನರ್ಸಿಂಗ್ ಬಿಟ್ಟು ಬಟ್ಟೆ ಫ್ಯಾಕ್ಟರಿಗೆ ಸೇರಿದಳು. ನಾನು ರಿಟೈರಾದ ದಿನ ನನಗೆ ಶಾಲು ಹೊದಿಸಿ, ಹಾರ ಹಾಕಿ, ಪ್ರಾಮಾಣಿಕ ಸೇವೆ ಅಂತ ಭಾಷಣ ಮಾಡಿದರು.

ವಿಚಾರಣೆ ಮುಗಿದ ಆ ಸಂಜೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನು, ಮಂಚಮ್ಮ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದೆವು. ನೀನು ದೊಡ್ಡ ಕೆಲಸ ಮಾಡಿದೆ ಅಂತ ಏನೇನೋ ಒದರುತ್ತಿದ್ದೆ. ಅವಳು ಬೆಂಚಿನ ಮೇಲೆ ಕಾಲು ಚಾಚಿ, ತಲೆಯನ್ನು ಕಂಬಕ್ಕೆ ಒರಗಿಸಿಕೊಂಡಿದ್ದಳು. ಹುಚ್ಚಯ್ಯ ಬಂದು ಎದುರಿಗೆ ನಿಂತ.

“ನನ್ ಮಾತ ಉಳಿಸ್ದೆ ಕಣವ್ವ. ಒಂದೂವರೆ ವರ್ಸದಿಂದ ಬಡ್ಕತಿದ್ದೆ, ಒಬ್ರೂ ನಂಬ್ಲಿಲ್ಲ.”

ಮಂಚಮ್ಮ ಕಾಲು ಮಡಚಿ ಅವನಿಗೆ ಜಾಗ ಮಾಡಿದಳು. ಅವನು ಕೂರಲಿಲ್ಲ.

“ಒಂದ್ ಮಾತು ಕೇಳ್ತೀನಿ. ಬೇಜಾರ್ ಮಾಡ್ಕಬ್ಯಾಡ. ಆ ಕಾಗ್ದವ ಅವ್ಳಿಗೊಂದ್ಸಲ ತೋರ್ಸಿದ್ರೆ ಏನಾಗದು? ಇಲ್ಲಿ ಒತ್ತು ಅಂದಿದ್ರೆ ಸಾಕಾಗಿತ್ತು, ಒಲ್ಲೆ ಅಂದು ಬಸ್ಸತ್ತಿ ಬಂದ್ಬುಡೋಳು. ಮಂಡಿ ನೋಯ್ಸ್ಕಂಡು ಮನೇಲಿರೋಳು.”

ನಾನು ಏನೋ ಸಮಾಧಾನ ಹೇಳಲು ಬಾಯಿ ತೆಗೆದೆ. ಮಂಚಮ್ಮ ಕೈಯೆತ್ತಿ ತಡೆದಳು.

“ಒಲ್ಲೆ ಅಂತಾಳೆ ಅಂತ ಗೊತ್ತಿತ್ತು ಕಣಣ್ಣ” ಅಂದಳು. “ಅದ್ಕೇಯ ಕೇಳ್ಲಿಲ್ಲ.”

ಹುಚ್ಚಯ್ಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಅವನು ಮುಂದಿನ ಬಾಗಿಲಿನಿಂದ ಹತ್ತಿದ, ನಾವು ಹಿಂದಿನ ಬಾಗಿಲಿನಿಂದ ಹತ್ತಿದೆವು. ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು, ಆದರೂ ಮೂವರೂ ನಂಜನಗೂಡಿನವರೆಗೆ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು.