ಮುಂಬೈಯಲ್ಲಿ ನಾನಿದ್ದ ಹನ್ನೊಂದು ದಿನ

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಕಟ್ಟುತ್ತಿದ್ದ ಮನೆಯೊಂದಕ್ಕೆ ಬೆಳಗ್ಗೆ ಆರಕ್ಕೇ ಪೈಪು, ನಲ್ಲಿಗಳನ್ನು ಇಳಿಸಿ, ಸಹಿ ಹಾಕಿಸಿಕೊಂಡು, ವ್ಯಾನು ಹತ್ತಿದ್ದು ನೆನಪಿದೆ. ಆಮೇಲಿನದು ಇಲ್ಲ. ದುಬೈಗೆ ಮರಳುವ ರಸ್ತೆಯಲ್ಲಿ ಮಂಜು ಇತ್ತಂತೆ, ಮುಂದೆ ನಿಂತಿದ್ದ ಲಾರಿ ನಮ್ಮ ಡ್ರೈವರನಿಗೆ ಕಾಣಲಿಲ್ಲವಂತೆ. ಅವನಿಗೆ ಕೈ ಮುರಿಯಿತು, ಅಷ್ಟೇ. ನನಗೆ ಬಲತೊಡೆ, ನಾಲ್ಕು ಪಕ್ಕೆಲುಬು, ತಲೆಯೊಳಗೆ ರಕ್ತಸ್ರಾವ. ಹತ್ತೊಂಬತ್ತು ದಿನ ಪ್ರಜ್ಞೆ ಇರಲಿಲ್ಲ.

ಕಣ್ಣು ಬಿಟ್ಟಾಗ ಹೆಂಡತಿ ಕಾಣಿಸಿದಳು. ಇಪ್ಪತ್ತೆಂಟು ವರ್ಷ ಈ ದೇಶದಲ್ಲಿದ್ದು ನಾನು ಒಮ್ಮೆಯೂ ಕರೆಸಿಕೊಂಡವನಲ್ಲ. ಈಗ ವಿಸಿಟ್ ವೀಸಾದಲ್ಲಿ ಬಂದು, ಊರಿನ ವಾಯಿಲ್ ಸೀರೆಯ ಮೇಲೆ ಯಾರದೋ ಗಂಡಸರ ಜಾಕೆಟ್ ಹಾಕಿಕೊಂಡು ಏಸಿಯ ಚಳಿಯಲ್ಲಿ ಮುದುಡಿ ಕೂತಿದ್ದಳು. ಜಾಕೆಟ್ ನನ್ನ ಗೆಳೆಯನದು. ಉಳ್ಳಾಲದ ಕಡೆಯ ಬ್ಯಾರಿ. ದುಬೈಗೆ ಬಂದ ಮೊದಲ ವಾರದಿಂದ ಒಂದೇ ಕೋಣೆಯಲ್ಲಿ ಉಂಡು ಮಲಗಿದವರು ನಾವು. ವೀಸಾ ಮಾಡಿಸಿ, ಟಿಕೆಟ್ ಕಳಿಸಿ, ಅವಳನ್ನು ಕರೆತಂದವನು ಅವನೇ.

ಕತ್ತಿಗೆ ತೂತು ಕೊರೆದು ನಳಿಗೆ ಇಟ್ಟಿದ್ದರಿಂದ ನನಗೆ ಮಾತು ಬರುತ್ತಿರಲಿಲ್ಲ. ಅವಳು ಬಾಯಿ ಒರೆಸುತ್ತಿದ್ದಳು, ಕಾಲಿನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದಳು, ಆದರೆ ಮಾತನಾಡುತ್ತಿರಲಿಲ್ಲ. ಸುಸ್ತು ಇರಬೇಕು ಎಂದುಕೊಂಡೆ. ಮೂರು ವಾರದ ಮೇಲೆ ನಳಿಗೆ ತೆಗೆದರು. ತೂತಿನ ಮೇಲೆ ಬೆರಳು ಒತ್ತಿ ಹಿಡಿದರೆ ಗಾಳಿಯಂಥ ದನಿ ಹೊರಡುತ್ತಿತ್ತು. ಅವಳಿಗೆ ಗೊತ್ತಾದದ್ದೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಒಂದು ಕೇಳ್ಬೇಕಿತ್ತು. ಮುಂಬೈಯಿಂದ ನಮ್ಮ ಊರಿಗೆ ಬಸ್ಸಿಗೆ ಎಷ್ಟು ಹೊತ್ತು?"

ಅವಳ ಮಡಿಲಲ್ಲಿ ನನ್ನ ಪಾಸ್‌ಪೋರ್ಟುಗಳ ಕಟ್ಟು ಇತ್ತು. ಹಳೆಯದು, ಅದಕ್ಕಿಂತ ಹಳೆಯದು, ಎಲ್ಲವನ್ನೂ ಸೇರಿಸಿ ದಾರ ಸುತ್ತಿ ನಾನು ಪೆಟ್ಟಿಗೆಯ ತಳದಲ್ಲಿಟ್ಟಿದ್ದ ಕಟ್ಟು.

ಆ ಪ್ರಶ್ನೆಯ ಹಿಂದೆ ಏನಿತ್ತೆಂದು ಈಗ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದ ಹಿಂದೆ, ದುಬೈಗೆ ಬಂದು ಎರಡು ವರ್ಷವಾಗುವಷ್ಟರಲ್ಲಿ, ಮೊದಲ ರಜೆಗೆ ಹೋಗಿ ಬಂದ ಕೆಲವೇ ತಿಂಗಳಿಗೆ, ನಾನು ಮ್ಯಾನೇಜರನ ಜೊತೆ ಜಗಳವಾಡಿ ಕೆಲಸ ಬಿಟ್ಟೆ. ಅಂಗಡಿಯ ಯಜಮಾನ ಅರಬಿ ಒಳ್ಳೆಯ ಮನುಷ್ಯ. ಹೆಂಡತಿ ಬಸುರಿ ಎಂದು ತಿಳಿದಿದ್ದರಿಂದ ತಾನೇ ಟಿಕೆಟ್ ತೆಗೆಸಿ, ಹೋಗು, ಅವಳನ್ನು ನೋಡು ಎಂದು ಕಳಿಸಿದ. ನಾನು ಮುಂಬೈಯಲ್ಲಿ ಇಳಿದವನು ಊರಿಗೆ ಹೋಗಲಿಲ್ಲ. ಹೋದ ಸಲ ಎರಡು ಪೆಟ್ಟಿಗೆ ಸೆಂಟು, ಸಾಬೂನು, ಬಟ್ಟೆ ಹೊತ್ತು ಟ್ಯಾಕ್ಸಿಯಲ್ಲಿ ಇಳಿದವನು ಈ ಸಲ ಕೈಬೀಸಿಕೊಂಡು ಬಸ್ಸಿಂದ ಇಳಿಯುವುದು ಹೇಗೆ? ಹೊಸ ವೀಸಾ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಏಜೆಂಟ್ ಹೇಳುತ್ತಿದ್ದ. ನಲವತ್ತು ದಿನ ನಮ್ಮೂರಿನವರ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದೆ. ಆ ನಲವತ್ತು ದಿನದ ನಡುವೆ ನಮ್ಮ ಮೊದಲ ಮಗು ಹುಟ್ಟಿತು. ಗಂಡು. ಹನ್ನೊಂದು ದಿನ ಇದ್ದು ಹೋಯಿತು.

ನಾನು ದುಬೈಯಲ್ಲೇ ಇದ್ದೇನೆ ಎಂದುಕೊಂಡಿದ್ದ ಮನೆಯವರಿಂದ ಹುಟ್ಟಿದ ಸುದ್ದಿಯೂ ಕಾಯಿಲೆಯ ಸುದ್ದಿಯೂ ದುಬೈಯ ಗೆಳೆಯನ ಅಂಗಡಿಗೆ ಫೋನಿನಲ್ಲಿ ಹೋದವು. ಅವನು ಮುಂಬೈಗೆ ತಿಳಿಸಿದ. "ಅರಬಿ ಪಾಸ್‌ಪೋರ್ಟ್ ಕೊಡುದಿಲ್ಲ, ರಜೆ ಇಲ್ಲ ಅಂತ ಹೇಳು" ಎಂದೆ. ಅವನು ಹಾಗೆಯೇ ಹೇಳಿದ. ಅಂದಿನಿಂದ ನನ್ನ ಹೆಂಡತಿ ಆ ಅರಬಿಗೆ ಶಾಪ ಹಾಕದ ವರ್ಷವಿಲ್ಲ. ಆಮೇಲೆ ಮಗಳು ಹುಟ್ಟಿದಳು, ಅವಳ ಮದುವೆಯೂ ಆಯಿತು. ಮಗಳ ಧಾರೆಯ ದಿನ ಕೂಡ ಒಳಗೆ ಹೋಗಿ, ಆ ಮನುಷ್ಯನ ಮನೆ ಹಾಳಾಗಲಿ ಎಂದು ಅತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೆ.

ಈಗ ಅವಳು ಬಸ್ಸಿನ ಹೊತ್ತು ಕೇಳುತ್ತಿದ್ದಳು. ಹಳೆಯ ನೆನಪು ಸ್ವಲ್ಪ ಹೋಗಿರಬಹುದು ಎಂದು ಡಾಕ್ಟರು ಹಿಂದಿನ ದಿನವೇ ಹೇಳಿದ್ದರು. ನಾನು ಆ ಮಾತಿನ ಹಿಂದೆ ಅಡಗಿಕೊಂಡೆ. ಕತ್ತಿನ ಮೇಲೆ ಬೆರಳಿಟ್ಟು, "ನೆನಪಿಲ್ಲ" ಎಂದೆ.

"ಮುಂಬೈ ನೆನಪಿಲ್ವಾ?"

"ಇಲ್ಲ."

"ಮಗು?"

ತಲೆ ಅಲ್ಲಾಡಿಸಿದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ, "ಇರ್ಲಿ, ಪೆಟ್ಟಾದ ತಲೆ" ಎಂದು ಹೊದಿಕೆ ಸರಿಮಾಡಿದಳು. ಸಾವಿನ ಬಾಯಿಂದ ಬಂದವನು ಆಡಿದ ಮೊದಲ ಮಾತು ಆ "ನೆನಪಿಲ್ಲ".

ಸಂಜೆ ಗೆಳೆಯ ಬಂದ. ಅವಳು ನೀರು ತರಲು ಹೋದಾಗ ಕೇಳಿದೆ, "ನೀನು ಹೇಳಿದ್ದಾ?"

ಅವನು ಮುಚ್ಚಿಡಲಿಲ್ಲ. "ಆಸ್ಪತ್ರೆಯ ಇನ್ಶೂರೆನ್ಸ್ ಕಾಗದಕ್ಕೆ ನಿನ್ನ ಪಾಸ್‌ಪೋರ್ಟ್ ಬೇಕಿತ್ತು. ಪೆಟ್ಟಿಗೆ ತೆರೆದು ಕಟ್ಟು ಅಕ್ಕನ ಕೈಗೆ ಕೊಟ್ಟೆ. ಅವರು ಮುಂಬೈಯ ಸ್ಟ್ಯಾಂಪ್ ನೋಡಿ ಕೇಳಿದ್ರು. ಹೇಳಿದೆ."

"ಇಪ್ಪತ್ತಾರು ವರ್ಷ ಇಟ್ಟುಕೊಂಡದ್ದು."

"ನೀನು ಸಾಯ್ತಿ ಅಂತ ಎಣಿಸಿ ಹೇಳಿದ್ದು ಮಾರಾಯ! ಆಗ್ಲೇ ಹದಿನೈದು ದಿನ ಆಗಿತ್ತು, ನೀನು ಕಣ್ಣು ಬಿಟ್ಟಿರ್ಲಿಲ್ಲ. ನೀನು ಏಳ್ತಿ ಅಂತ ನನಗೆ ಕನಸು ಬಿದ್ದಿತ್ತಾ? ಅಕ್ಕ ನಿನ್ನ ಮಂಚದ ಹತ್ತಿರ ಕೂತು ಆ ಅರಬಿಗೆ ಹಾಕಿದ ಶಾಪವೇ ನಮಗೆ ತಿರುಗಿತು ಅಂತ ಅಳ್ತಿದ್ರು. ಸುಳ್ಳು ಹೇಳಿದ ಬಾಯಿ ನನ್ನದು. ನಾನೂ ಒಂದು ದಿನ ಹೋಗುದೇ ಅಲ್ವಾ, ಎಂತ ಉತ್ತರ ಕೊಡುದು ಅಲ್ಲಿ?"

ನಾನು ಗೋಡೆಯ ಕಡೆ ಮುಖ ಮಾಡಿದೆ. ನನ್ನ ಮೈ ಚೂರಾಗಿದ್ದಾಗ, ಬಾಯಿ ಮುಚ್ಚಿದ್ದಾಗ, ಅಡ್ಡ ಬರಲು ಆಗದ ಹೊತ್ತು ನೋಡಿ ಮಾಡಿದ ದ್ರೋಹ ಎಂದೇ ನನಗೆ ಕಂಡಿತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ನಾವಿದ್ದುದು ಅವನ ಮನೆಯಲ್ಲೇ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ಒಂದೇ ಕೋಣೆಯ ಫ್ಲ್ಯಾಟು. ಅದನ್ನು ನಮಗೆ ಬಿಟ್ಟು ಅವನು ಪಕ್ಕದವರಲ್ಲಿ ಮಲಗುತ್ತಿದ್ದ. ಬೆಳಗ್ಗೆ ಬಂದು ನನ್ನನ್ನು ಎತ್ತಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಸ್ನಾನ ಮಾಡಿಸುತ್ತಿದ್ದ. ಬೆನ್ನು ಉಜ್ಜಿಸಿಕೊಳ್ಳುವಾಗಲೂ ನಾನು ಅವನಲ್ಲಿ ಮಾತನಾಡುತ್ತಿರಲಿಲ್ಲ.

"ಸಿಟ್ಟಿದ್ರೆ ಬೈ ಮಾರಾಯ, ಆದ್ರೆ ಕಾಲು ಸ್ವಲ್ಪ ಎತ್ತು" ಎನ್ನುತ್ತಿದ್ದ. "ಕಟ್ಟಿಕೊಂಡ ಹೆಂಡತಿ ಕೂಡ ನನ್ನಿಂದ ಇಷ್ಟು ಸೇವೆ ಮಾಡಿಸ್ಲಿಲ್ಲ."

ಹೆಂಡತಿ ಅಡುಗೆಮನೆಯಲ್ಲಿ ಗಂಜಿ ಮಾಡುತ್ತಿದ್ದಳು. ಅವಳು ನನ್ನಲ್ಲಿ ಮತ್ತೇನೂ ಕೇಳಲಿಲ್ಲ. ನೆನಪಿಲ್ಲದವನನ್ನು ಕೇಳಿ ಏನು ಪ್ರಯೋಜನ? ಅವಳ ಆ ಕನಿಕರವನ್ನು ನಾನು ಎರಡು ತಿಂಗಳು ಉಂಡೆ.

ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಹೋಗುತ್ತಿದ್ದೆ. ಅಲ್ಲಿನ ಮಲಯಾಳಿ ಹುಡುಗಿ ಮಂಗಳೂರಿನಲ್ಲಿ ಓದಿದವಳು, ನನ್ನ ಜೊತೆ ಕನ್ನಡ ಮಾತನಾಡುವುದೇ ಅವಳಿಗೊಂದು ಖುಷಿ. ವಾಕರ್ ಹಿಡಿದು ನಡೆಸುತ್ತಾ ತಲೆಯ ಪರೀಕ್ಷೆಯನ್ನೂ ಮಾಡುತ್ತಿದ್ದಳು. ಅದರಲ್ಲಿ ಪಾಸಾದರೆ ಬೇಗ ಬಿಡುಗಡೆ.

"ಅಂಕಲ್, ಇವತ್ತು ಯಾವ ವಾರ?"

"ಬುಧವಾರ."

"ನೂರರಿಂದ ಏಳೇಳು ಕಳೀರಿ."

ಕಳೆದೆ. ಎಸ್‌ಎಸ್‌ಎಲ್‌ಸಿಯಲ್ಲಿ ಲೆಕ್ಕಕ್ಕೆ ಒಳ್ಳೆಯ ಅಂಕ ಬಂದಿತ್ತು ಎಂದೂ ಸೇರಿಸಿದೆ.

"ಈಗ ಹಳೇ ಕತೆ. ದುಬೈಗೆ ಬಂದ ಮೇಲೆ ಎಲ್ಲೆಲ್ಲಿ ಕೆಲ್ಸ ಮಾಡಿದ್ರಿ, ಸೀರಿಯಲ್ ಆಗಿ ಹೇಳಿ."

ಹೊಗಳಿಸಿಕೊಳ್ಳುವ ಆಸೆಯಿಂದ ಶುರು ಮಾಡಿದೆ. "ಮೊದಲು ದೇರಾದಲ್ಲಿ ಎರಡು ವರ್ಷಕ್ಕೆ ಮೂರು ವಾರ ಕಮ್ಮಿ. ಆಮೇಲೆ ಬಿಟ್ಟು ಮುಂಬೈಯಲ್ಲಿ ನಲವತ್ತು ದಿನ. ಮತ್ತೆ ಶಾರ್ಜಾದಲ್ಲಿ..."

"ಸೂಪರ್ ಅಂಕಲ್! ಆಂಟೀ, ಮೆಮರಿ ಫುಲ್ ಓಕೆ!" ಎಂದು ಅವಳು ಚಪ್ಪಾಳೆ ತಟ್ಟಿದಳು.

ಹೆಂಡತಿ ನೀರಿನ ಬಾಟಲಿ ಹಿಡಿದು ಗೋಡೆಯ ಬಳಿ ನಿಂತಿದ್ದಳು. ಮುಚ್ಚಳ ತೆಗೆದು ನನಗೆ ಕೊಟ್ಟಳು.

ಮನೆಗೆ ಬಂದ ಮೇಲೆ ಎದುರು ಕೂತಳು. ಮಧ್ಯಾಹ್ನದ ಬಿಸಿಲಿಗೆ ಪರದೆ ಎಳೆದಿತ್ತು. "ಎಷ್ಟು ಹೊತ್ತು?" ಎಂದಳು.

"ಒಂದು ರಾತ್ರಿ, ಅರ್ಧ ಹಗಲು."

"ಹನ್ನೊಂದು ದಿನ ಇತ್ತಲ್ಲ."

"ಇತ್ತು."

"ಆ ಹನ್ನೊಂದು ದಿನ ನೀವು ಎಂತ ಮಾಡ್ತಾ ಇದ್ರಿ? ಒಂದೊಂದೇ ದಿನದ್ದು ಹೇಳಿ."

ಹೇಳಿದೆ. ಬೆಳಗ್ಗೆ ಏಜೆಂಟನ ಬಾಗಿಲು, ಮಧ್ಯಾಹ್ನ ಇಸ್ಪೀಟು, ಸಂಜೆ ಚೌಪಾಟಿಯ ಕಡಲತೀರದಲ್ಲಿ ಸುಮ್ಮನೆ ಕೂರುವುದು. ನಾಲ್ಕನೇ ದಿನ ಹೊಸ ಚಪ್ಪಲಿ ಕಚ್ಚಿತ್ತು. ಏಳನೇ ದಿನ ಮಗುವಿಗೆ ಜ್ವರ ಎಂದು ತಿಳಿದು ಬಸ್ ನಿಲ್ದಾಣದವರೆಗೆ ಹೋದೆ, ಬೋರ್ಡ್ ನೋಡಿ ತಿರುಗಿ ಬಂದೆ. ಅದಕ್ಕಿಂತ ದೊಡ್ಡದೇನೂ ಇರಲಿಲ್ಲ. ಅಷ್ಟು ಸಣ್ಣದಾಗಿತ್ತು ಅದು.

ನನ್ನದು ಮುಗಿದ ಮೇಲೆ ಅವಳದ್ದು ಹೇಳಿದಳು. ಮೊದಲ ದಿನ ಮಗುವಿಗೆ ಬಿಕ್ಕಳಿಕೆ. ಮೂರನೇ ದಿನ ಕಣ್ಣು ಬಿಟ್ಟು ದೀಪದ ಕಡೆ ನೋಡಿದ್ದು. ಕಿವಿಯ ತುದಿ ನನ್ನದರ ಹಾಗೆ ಮಡಚಿತ್ತಂತೆ. ಯಾರಿಗೂ ತೋರಿಸಲಿಲ್ಲ, ನೀವು ಬಂದ ಮೇಲೆ ಮೊದಲು ನಿಮಗೇ ತೋರಿಸುವ ಎಂದಿದ್ದೆ ಎಂದಳು. ಹತ್ತನೇ ದಿನದವರೆಗೆ ಹೇಳಿ ಎದ್ದು ನಿಂತಳು.

"ಮತ್ತೆ?" ಎಂದೆ.

"ಹನ್ನೊಂದನೇ ದಿನದ್ದು ಹೇಳುದಿಲ್ಲ. ಅದು ನನ್ನದು."

ಈಗ ಊರಿನಲ್ಲೇ ಇದ್ದೇನೆ, ಕೋಲು ಹಿಡಿದು ನಡೆಯುತ್ತೇನೆ. ಗೆಳೆಯನ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎಂದು ಬರೆದರೆ ಅದೂ ಸುಳ್ಳಾದೀತು. ಅವನು ಫೋನ್ ಮಾಡಿದರೆ ಹೆಂಡತಿ ಎತ್ತಿಕೊಂಡು ನಗುತ್ತಾ ಮಾತನಾಡುತ್ತಾಳೆ, ಆಮೇಲೆ ನನಗೆ ಕೊಡುತ್ತಾಳೆ. ಅರಬಿಗೆ ಶಾಪ ಹಾಕುವುದನ್ನು ನಿಲ್ಲಿಸಿದ್ದಾಳೆ. ನನಗೂ ಹಾಕಿಲ್ಲ. ಹನ್ನೊಂದನೇ ದಿನದ್ದನ್ನು ಇವತ್ತಿನವರೆಗೆ ಹೇಳಿಲ್ಲ. ನಾನು ಮತ್ತೆ ಕೇಳಿಲ್ಲ.